ನಾಲ್ಕು ಮಕ್ಕಳಾದ ಮೇಲೆ ‘ಇನ್ನು ಸಾಕು’ ಅಂದರೆ ಪಾಪವಾ?

ಪ್ರಶ್ನೆ: ನನಗೆ 35 ವರ್ಷ. ಬೆಳ್ತಂಗಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದೇವೆ. ನಾವು ಸೀರೋ ಮಲಬಾರ್ ಕ್ರೈಸ್ತರು, ಅಂದರೆ ಕೇರಳ ಮೂಲದ ಕಥೋಲಿಕರು. ಯಜಮಾನರಿಗೆ ಎರಡೂವರೆ ಎಕರೆ ರಬ್ಬರ್ ತೋಟ, ಸ್ವಲ್ಪ ಅಡಿಕೆ ಇದೆ. ನಮಗೆ ನಾಲ್ಕು ಮಕ್ಕಳು. ಮಗಳಿಗೆ 12, ಮಗನಿಗೆ 8, ಇನ್ನೊಬ್ಬ ಮಗನಿಗೆ 5, ಕೊನೆಯದಕ್ಕೆ 14 ತಿಂಗಳು. ಮೊದಲನೆಯದು ನಾರ್ಮಲ್ ಹೆರಿಗೆ, ಉಳಿದ ಮೂರೂ ಸಿಸೇರಿಯನ್. ಕಳೆದ ಸಲ ನನಗೆ ರಕ್ತ ಏರಿಸಬೇಕಾಯಿತು. ಇನ್ನು ಸಾಕು ಅಂತ ನನಗೆ ಅನಿಸುತ್ತದೆ. ಆದರೆ ಯಜಮಾನರು ‘ದೇವರು ಕೊಡುವುದನ್ನು ಬೇಡ ಅನ್ನಬಾರದು, ಕೇರಳದ ಪಾಲಾದಲ್ಲಿ ಐದು ಮಕ್ಕಳಿದ್ದರೆ ಚರ್ಚೇ ದುಡ್ಡು ಕೊಡುತ್ತದೆ’ ಅನ್ನುತ್ತಾರೆ. ಅತ್ತೆ ‘ನಾನು ಒಂಬತ್ತು ಹೆತ್ತಿಲ್ವಾ? ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ?’ ಅನ್ನುತ್ತಾರೆ. ರಾತ್ರಿ ನಾನು ಬೇಡ ಅಂದರೆ ಯಜಮಾನರು ಎರಡು ದಿನ ಮಾತು ಬಿಡುತ್ತಾರೆ. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡರೆ ಜೀವನಪೂರ್ತಿ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸಿಗಲ್ಲ ಅಂತಲೂ ಯಾರೋ ಹೇಳಿದರು. ಮಗಳು ಮನೆಕೆಲಸಕ್ಕೆ, ಪಾಪು ನೋಡಿಕೊಳ್ಳೋಕೆ ತುಂಬಾ ಸಹಾಯ ಮಾಡುತ್ತಾಳೆ. ಆದರೆ ಈ ಸಲ ಅವಳ ಮಾರ್ಕ್ಸ್ ಕಡಿಮೆ ಆಗಿದೆ. ಎರಡನೆಯವನು ಶಾಲೆಯಲ್ಲಿ ಹೊಡೆದಾಡುತ್ತಾನೆ. ಸಂಜೆ ಪ್ರಾರ್ಥನೆ ದಿನಾ ಬೈಗುಳದಲ್ಲೇ ಮುಗಿಯುತ್ತದೆ. ಕೆಲವು ದಿನ ಸುಮ್ನೆ ಅಳು ಬರುತ್ತದೆ. ನಾನು ಕೆಟ್ಟ ತಾಯಿ ಆಗುತ್ತಿದ್ದೇನಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ ತಂಗಿ, ನೀವು ಕೆಟ್ಟ ತಾಯಿ ಆಗುತ್ತಿಲ್ಲ. ಮೂರು ಸಲ ಹೊಟ್ಟೆ ಕೊಯ್ಸಿಕೊಂಡ ಮೈ ಇನ್ನೂ ಚೇತರಿಸಿಕೊಂಡಿಲ್ಲ. ಅಷ್ಟರಲ್ಲೇ ನಾಲ್ಕು ಮಕ್ಕಳ ಮನೆಯನ್ನು ಹೆಚ್ಚುಕಡಿಮೆ ಒಬ್ಬರೇ ನಡೆಸುತ್ತಿದ್ದೀರಿ. ಮದುವೆಗೆ ಮುಂಚಿನ ತರಬೇತಿ ಶಿಬಿರಗಳಲ್ಲಿ ಪಾಠ ಮಾಡುವುದು, ಕ್ರೈಸ್ತ ದಂಪತಿಗಳ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ನಿಮ್ಮಂಥ ತಾಯಂದಿರು ಸುಮಾರು ಜನ ಬರುತ್ತಾರೆ. ಬಂದವರಿಗೆಲ್ಲ ಎರಡು ಭಯ. ಇನ್ನೊಂದು ಮಗು ಬೇಡ ಅಂದರೆ ದೇವರಿಗೆ ಎದುರು ಮಾತಾಡಿದ ಹಾಗಾ? ಇರುವ ಮಕ್ಕಳನ್ನೇ ಸರಿಯಾಗಿ ಬೆಳೆಸುತ್ತಿಲ್ಲವಾ? ಒಂದೊಂದಾಗಿ ನೋಡೋಣ.

ದೊಡ್ಡ ಸಂಸಾರವನ್ನು ನಾನು ಕೀಳಾಗಿ ನೋಡುವವಳಲ್ಲ. ಮಕ್ಕಳು ದೇವರ ವರ ಅಂತ ಕೀರ್ತನೆಗಳು ಹೇಳುವುದು ನಿಜ. ಅಣ್ಣ ತಮ್ಮ ಅಕ್ಕ ತಂಗಿ ತುಂಬಿದ ಮನೆಯಲ್ಲಿ ಬೆಳೆದವರು ಹಂಚಿಕೊಂಡು ತಿನ್ನೋದನ್ನು ಯಾರೂ ಹೇಳಿಕೊಡದೆ ಕಲಿಯುತ್ತಾರೆ. ಆದರೆ ‘ಆದಷ್ಟು ಮಕ್ಕಳನ್ನು ಹೆರಬೇಕು’ ಅಂತ ಕಥೋಲಿಕ ಚರ್ಚ್ ಎಲ್ಲೂ ಹೇಳಿಲ್ಲ. ಇದನ್ನು ನಿಮ್ಮ ಯಜಮಾನರೂ ತಿಳಿದುಕೊಳ್ಳಬೇಕು, ಅದಕ್ಕೇ ವಿವರವಾಗಿ ಹೇಳುತ್ತೇನೆ.

ಜಗತ್ತಿನ ಕಥೋಲಿಕ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಈ ಮಾತು ಆಡಿತು. ಎಷ್ಟು ಮಕ್ಕಳು ಅನ್ನೋದನ್ನು ಕೊನೆಗೆ ಗಂಡ ಹೆಂಡತಿ ಇಬ್ಬರೇ ದೇವರ ಮುಂದೆ ತೀರ್ಮಾನಿಸಬೇಕು. ಹಾಗೆ ತೀರ್ಮಾನಿಸುವಾಗ ತಮ್ಮ ಒಳಿತು, ಈಗಾಗಲೇ ಹುಟ್ಟಿರುವ ಮಕ್ಕಳ ಒಳಿತು, ಮನೆಯ ಪರಿಸ್ಥಿತಿ ಎಲ್ಲವನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಅತ್ತೆ, ಊರು, ವಾಟ್ಸಾಪ್ ಗುಂಪು ಆ ಪಟ್ಟಿಯಲ್ಲಿಲ್ಲ. ಧರ್ಮಗುರುಗಳು ಬುದ್ಧಿಮಾತು ಹೇಳಬಹುದು, ಸಂಖ್ಯೆ ನಿಗದಿ ಮಾಡುವವರು ಅವರೂ ಅಲ್ಲ. ಗರ್ಭನಿರೋಧಕಗಳನ್ನು ಒಪ್ಪದ, ಪೋಪ್ 1968ರಲ್ಲಿ ಬರೆದ ‘ಹ್ಯೂಮಾನೆ ವೀಟೆ’ ಪತ್ರದ ಬಗ್ಗೆ ಎಲ್ಲರೂ ಕೇಳಿದ್ದಾರೆ. ಅದೇ ಪತ್ರದಲ್ಲಿ ಪೋಪ್ ಆರನೇ ಪೌಲರು, ಗಂಭೀರ ಕಾರಣ ಇದ್ದರೆ ಇನ್ನೊಂದು ಮಗುವನ್ನು ಕೆಲವು ಕಾಲ ಅಥವಾ ಅನಿರ್ದಿಷ್ಟ ಕಾಲ ಬೇಡ ಅಂತ ದಂಪತಿ ತೀರ್ಮಾನಿಸಬಹುದು ಅಂದಿದ್ದಾರೆ. ದೇಹದ ಸ್ಥಿತಿ, ದುಡ್ಡಿನ ಸ್ಥಿತಿ, ಮನಸ್ಸಿನ ಸ್ಥಿತಿ ಎಲ್ಲವನ್ನೂ ನೋಡಬೇಕು ಅಂತಲೂ ಅದರಲ್ಲಿದೆ.

ಇನ್ನೊಂದು ಸಂಗತಿ ನಿಮಗೇ ಹೇಳಿದ ಹಾಗಿದೆ. 2015ರ ಜನವರಿಯಲ್ಲಿ ಮನಿಲಾದಿಂದ ವಾಪಸಾಗುವಾಗ ಪೋಪ್ ಫ್ರಾನ್ಸಿಸ್ ವಿಮಾನದಲ್ಲೇ ಪತ್ರಕರ್ತರ ಜೊತೆ ಮಾತಾಡಿದರು. ಒಳ್ಳೆಯ ಕಥೋಲಿಕರಾಗೋಕೆ ಮೊಲಗಳ ಹಾಗೆ ಹೆರಬೇಕು ಅಂತ ಕೆಲವರು ತಿಳಿದಿದ್ದಾರೆ, ಅದು ತಪ್ಪು ಅಂದರು. ಏಳು ಸಿಸೇರಿಯನ್ ಆಗಿ ಎಂಟನೆಯದಕ್ಕೆ ಬಸುರಿಯಾಗಿದ್ದ ಒಬ್ಬ ಹೆಂಗಸಿನ ವಿಷಯವನ್ನೂ ಹೇಳಿದರು. ‘ಏಳು ಮಕ್ಕಳನ್ನು ತಬ್ಬಲಿ ಮಾಡಬೇಕಂತಿದ್ದೀಯಾ?’ ಅಂತ ಆಕೆಯನ್ನು ಕೇಳಿದ್ದರಂತೆ. ಹಾಗೆ ಮಾಡುವುದು ದೇವರನ್ನು ಪರೀಕ್ಷಿಸಿದಂತೆ ಅನ್ನೋದು ಅವರ ಮಾತು. ಅದೇ ಪೋಪ್ ಅದೇ ವಾರದಲ್ಲಿ ದೊಡ್ಡ ಕುಟುಂಬಗಳನ್ನು ಕಂಡರೆ ಸಂತೋಷವಾಗುತ್ತದೆ ಅಂತಲೂ ಹೇಳಿದರು. ಹೆಚ್ಚು ಮಕ್ಕಳಿರುವುದು ಒಳ್ಳೆಯದು, ಆ ಮಕ್ಕಳಿಗೆ ತಾಯಿ ಇರಬೇಕಾದದ್ದು ಇನ್ನೂ ಮುಖ್ಯ ಅಂತ ನಾನು ಇದನ್ನು ಓದಿಕೊಳ್ಳುತ್ತೇನೆ.

ಪಾಲಾ ವಿಷಯ. 2021ರ ಜುಲೈಯಲ್ಲಿ ಕೇರಳದ ಪಾಲಾ ಧರ್ಮಪ್ರಾಂತ್ಯ (ಒಬ್ಬ ಬಿಷಪರ ಆಡಳಿತದ ಪ್ರದೇಶ) ಒಂದು ಯೋಜನೆ ಪ್ರಕಟಿಸಿದ್ದು ಹೌದು. 2000ದ ನಂತರ ಮದುವೆಯಾಗಿ ಐದು ಅಥವಾ ಜಾಸ್ತಿ ಮಕ್ಕಳಿರುವ ಕುಟುಂಬಕ್ಕೆ ತಿಂಗಳಿಗೆ 1,500 ರೂಪಾಯಿ ನೆರವು. ಅಲ್ಲಿ ಸಮುದಾಯದ ಜನಸಂಖ್ಯೆ ಕಡಿಮೆಯಾಗುತ್ತಿದೆ ಅನ್ನೋ ಚಿಂತೆಯಿಂದ ಬಂದದ್ದು ಅದು. ಈಗಾಗಲೇ ಮಕ್ಕಳಿರುವ ಮನೆಗೆ ಕೈಯಾಸರೆ. ಬೇರೆಯವರು ಹೆರಲೇಬೇಕು ಅನ್ನೋ ಆಜ್ಞೆ ಅಲ್ಲ. ನೀವು ಇರುವುದು ಬೆಳ್ತಂಗಡಿ ಧರ್ಮಪ್ರಾಂತ್ಯದಲ್ಲಿ, ಪಾಲಾದಲ್ಲಲ್ಲ. ಅದು ಹಾಗಿರಲಿ, ತಿಂಗಳಿಗೆ 1,500 ರೂಪಾಯಿಯಲ್ಲಿ ಒಂದು ಮಗು ಬೆಳೆಯುತ್ತದಾ ಅಂತ ಯಜಮಾನರೇ ಒಮ್ಮೆ ಲೆಕ್ಕ ಹಾಕಲಿ.

ಅತ್ತೆಯ ಮಾತನ್ನು ಹಗುರವಾಗಿ ತಳ್ಳಿಹಾಕಬೇಡಿ. ಒಂಬತ್ತು ಹೆತ್ತು ಬೆಳೆಸಿದ್ದು ಸಣ್ಣ ವಿಷಯ ಅಲ್ಲ. ಆದರೆ ಅವರ ಕಾಲದ ಮನೆ ಬೇರೆ. ಕೇರಳದಿಂದ ಬಂದು ಕಾಡು ಕಡಿದು ತೋಟ ಮಾಡಿದ ಆ ವಲಸೆ ಕುಟುಂಬಗಳಲ್ಲಿ ಅಜ್ಜಿ, ಮದುವೆಯಾಗದ ನಾದಿನಿ, ಪಕ್ಕದ ಮನೆಯ ಚಿಕ್ಕಮ್ಮ ಎಲ್ಲರ ಸೊಂಟದ ಮೇಲೂ ಮಗು ಕೂರುತ್ತಿತ್ತು. ಶಾಲೆಯ ಫೀಸು, ವ್ಯಾನು, ಹೋಂವರ್ಕ್ ಇರಲಿಲ್ಲ. ಹೆರಿಗೆಯಲ್ಲಿ ಹೋದ ತಾಯಂದಿರ ಕಥೆ, ಜ್ವರಕ್ಕೆ ಹೋದ ಕೂಸುಗಳ ಕಥೆ ಆ ತಲೆಮಾರಿನ ಪ್ರತಿ ಮನೆಯಲ್ಲೂ ಇರುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಒಂದು ದಿನ ಅತ್ತೆಯ ಕಾಲಿಗೆ ಎಣ್ಣೆ ಹಚ್ಚುತ್ತಾ ನಿಧಾನವಾಗಿ ಕೇಳಿ: ‘ನಿಮ್ಮ ಬಾಣಂತನ ಯಾರು ಮಾಡಿದರು? ಆಗ ದೊಡ್ಡ ಮಕ್ಕಳನ್ನು ಯಾರು ನೋಡಿಕೊಂಡರು?’ ಆ ಉತ್ತರದಲ್ಲಿ ಬರುವ ಹೆಸರುಗಳನ್ನು ಎಣಿಸಿ. ಅಷ್ಟು ಕೈಗಳು ಈಗ ನಿಮ್ಮ ಮನೆಯಲ್ಲಿಲ್ಲ.

ಈಗ ನಿಮ್ಮ ದೇಹದ ವಿಷಯ. ಇಲ್ಲಿ ನಂಬಿಕೆಗಿಂತ ಡಾಕ್ಟರ ಮಾತು ಮುಖ್ಯ. ಒಂದು ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳ ಅಂತರ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಪಾಪುಗೆ 14 ತಿಂಗಳು. ಮೂರು ಸಿಸೇರಿಯನ್ ಅಂದರೆ ಗರ್ಭಕೋಶದಲ್ಲಿ ಒಂದೇ ಜಾಗದಲ್ಲಿ ಮೂರು ಸಲ ಹೊಲಿಗೆ ಬಿದ್ದಿದೆ. ಮುಂದಿನ ಬಸಿರಿನಲ್ಲಿ ಮಾಸು ಕೆಳಗೆ, ಆ ಹಳೇ ಗಾಯದ ಮೇಲೆ ಬಂದು ಕೂತರೆ, ಅದು ಗರ್ಭಕೋಶದ ಗೋಡೆಯೊಳಗೆ ಇಳಿಯುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಆಗ ಹೆರಿಗೆಯಾದರೂ ಮಾಸು ಬಿಡಿಸಿಕೊಳ್ಳುವುದಿಲ್ಲ. ರಕ್ತ ನಿಲ್ಲದಿದ್ದರೆ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಎಲ್ಲರಿಗೂ ಹೀಗಾಗುತ್ತದೆ ಅಂತಲ್ಲ. ನಾಲ್ಕನೇ ಸಿಸೇರಿಯನ್ ಆಗುವವರನ್ನೆಲ್ಲ ಒಟ್ಟು ತಗೊಂಡರೆ 100ರಲ್ಲಿ ಸುಮಾರು 2 ಜನಕ್ಕೆ ಈ ತೊಂದರೆ. ಆದರೆ ನಿಮಗೆ ಕಳೆದ ಸಲವೇ ರಕ್ತ ಕೊಟ್ಟಿದ್ದಾರೆ. ‘ಮೂರು ಸಿಸೇರಿಯನ್ ಆದ ಮೇಲೆ ಇನ್ನು ಬಿಡಲ್ಲ’ ಅನ್ನೋ ಕಾನೂನು ಯಾವುದೂ ಇಲ್ಲ. ನಿಮ್ಮ ಕೇಸಿನಲ್ಲಿ ಅಪಾಯ ಎಷ್ಟು ಅಂತ ಹಳೇ ಡಿಸ್ಚಾರ್ಜ್ ಸಮ್ಮರಿ ನೋಡಿದ ಡಾಕ್ಟರು ಹೇಳಬೇಕು. ಅದನ್ನು ಯಜಮಾನರು ಅವರ ಬಾಯಿಂದಲೇ ಕೇಳಲಿ. ಹೆಂಡತಿ ಹೇಳಿದಾಗ ‘ಹೆದರಿಕೊಂಡಿದ್ದಾಳೆ’ ಅನ್ನುವವರೂ ಡಾಕ್ಟರು ಹೇಳಿದರೆ ಕೂತು ಕೇಳುತ್ತಾರೆ. ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಹಾಗಾದರೆ ದಾರಿ ಏನು? ಚರ್ಚ್ ಒಪ್ಪುವುದು ನೈಸರ್ಗಿಕ ವಿಧಾನವನ್ನು. ನಿಮ್ಮ ಮದುವೆ ತರಬೇತಿಯಲ್ಲಿ ಬಿಲ್ಲಿಂಗ್ಸ್ ವಿಧಾನದ ಬಗ್ಗೆ ಕೇಳಿರಬಹುದು. ದಿನಾ ಯೋನಿಯ ಲೋಳೆಯ ಬದಲಾವಣೆ ಗಮನಿಸಿ ಚಾರ್ಟಿನಲ್ಲಿ ಬರೆದು, ಗರ್ಭ ನಿಲ್ಲಬಹುದಾದ ದಿನಗಳಲ್ಲಿ ದೂರ ಇರುವುದು. ಸರಿಯಾಗಿ ಕಲಿತು ಬಿಡದೆ ಪಾಲಿಸಿದವರಿಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅರ್ಧಂಬರ್ಧ ಪಾಲಿಸಿದರೆ ಇಲ್ಲ. ಇಂಥ ವಿಧಾನಗಳಲ್ಲಿ ಸಾಮಾನ್ಯ ಬಳಕೆಯಲ್ಲಿ ವರ್ಷಕ್ಕೆ 100 ಹೆಂಗಸರಲ್ಲಿ 2ರಿಂದ 23 ಜನ ಬಸುರಿಯಾಗುತ್ತಾರೆ. ವಿಧಾನ ಯಾವುದು, ಶಿಸ್ತು ಎಷ್ಟು ಅನ್ನೋದರ ಮೇಲೆ ಹೋಗುತ್ತದೆ. ನಿಮಗೆ ಇನ್ನೊಂದು ತೊಡಕಿದೆ. ಎದೆಹಾಲು ಕೊಡುತ್ತಿದ್ದರೆ ಮುಟ್ಟು ಹಿಂದೆ ಮುಂದೆ ಆಗುತ್ತದೆ, ಗುರುತು ಹಿಡಿಯೋದು ಕಷ್ಟ. ಕಲಿತ ಟೀಚರ್ ಒಬ್ಬರ ಹತ್ತಿರ ಕೆಲವು ತಿಂಗಳು ಚಾರ್ಟ್ ತೋರಿಸಲೇಬೇಕು. ‘ಹಾಲು ಕುಡಿಸುವಾಗ ಬಸಿರು ನಿಲ್ಲಲ್ಲ’ ಅಂತ ನಂಬಿ ಕೂರಬೇಡಿ. ಮಗುವಿಗೆ ಆರು ತಿಂಗಳಾಗುವವರೆಗೆ, ಬರೀ ಎದೆಹಾಲು ಕೊಡುತ್ತಾ ಮುಟ್ಟು ಶುರುವಾಗದಿದ್ದರೆ ಮಾತ್ರ ಅದು ನಿಜ. ನಿಮಗೆ ಆ ಕಾಲ ದಾಟಿದೆ.

ಮುಖ್ಯವಾಗಿ, ಈ ವಿಧಾನ ನಿಂತಿರುವುದೇ ಗಂಡನ ಸಹಕಾರದ ಮೇಲೆ. ಬೇಡ ಅಂದರೆ ಎರಡು ದಿನ ಮಾತು ಬಿಡುವ ಮನೆಯಲ್ಲಿ ಇದು ನಡೆಯುವುದಿಲ್ಲ. ಚಾರ್ಟ್ ಬರೆಯುವ ಕೆಲಸ ಅವರೇ ವಹಿಸಿಕೊಳ್ಳಲಿ. ಪ್ರತಿ ರಾತ್ರಿ ನಿಮ್ಮನ್ನು ಕೇಳಿ ಗುರುತು ಹಾಕಲಿ. ಹೀಗೆ ಮಾಡಿದ ಗಂಡಸರು ಕೆಲವೇ ತಿಂಗಳಲ್ಲಿ ಹೆಂಡತಿಯ ದೇಹವನ್ನು ಬೇರೆ ರೀತಿಯಲ್ಲಿ ಗೌರವಿಸಲು ಕಲಿತಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಉಳಿದ ದಾರಿಗಳನ್ನು ಕಥೋಲಿಕ ಬೋಧನೆ ಒಪ್ಪುವುದಿಲ್ಲ. ಅದನ್ನು ಮುಚ್ಚಿಟ್ಟು ನಿಮಗೆ ಸಲಹೆ ಕೊಡಲಾರೆ. ಬೇರೆ ಎಷ್ಟೋ ಕ್ರೈಸ್ತ ಸಭೆಗಳು ಇದನ್ನು ದಂಪತಿಗಳ ತೀರ್ಮಾನಕ್ಕೇ ಬಿಡುತ್ತವೆ. ಹಾಗಾಗಿ ಬೇರೆ ಚರ್ಚಿಗೆ ಹೋಗುವ ಗೆಳತಿಯ ಮಾತು ನಿಮ್ಮ ಫಾದರ್ ಮಾತಿಗಿಂತ ಬೇರೆ ಇರುತ್ತದೆ. ವೈದ್ಯಕೀಯವಾಗಿ ಏನೇನಿದೆ ಅಂತ ತಿಳಿದುಕೊಳ್ಳುವುದು ಪಾಪ ಅಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಛಾಯಾ ಅನ್ನೋ ಗರ್ಭನಿರೋಧಕ ಮಾತ್ರೆ ಉಚಿತ. ಅದರಲ್ಲಿ ಹಾರ್ಮೋನ್ ಇಲ್ಲ, ಹಾಲು ಕುಡಿಸುವವರೂ ತಗೊಳ್ಳಬಹುದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಮರೆತರೆ ಉಪಯೋಗವಿಲ್ಲ. ಕಾಪರ್-ಟಿ 380ಎ ಹತ್ತು ವರ್ಷದವರೆಗೆ ಕೆಲಸ ಮಾಡುತ್ತದೆ. ಆದರೆ ಮುಟ್ಟಿನ ರಕ್ತಸ್ರಾವ ಜಾಸ್ತಿ ಮಾಡಬಹುದು, ರಕ್ತಹೀನತೆ ಇದ್ದರೆ ಯೋಚಿಸಬೇಕು. ಚರ್ಚಿನ ಆಕ್ಷೇಪವೂ ಇದಕ್ಕೆ ಜಾಸ್ತಿ. ಇನ್ನು ಆಪರೇಷನ್. ಅಂದ ತಕ್ಷಣ ಎಲ್ಲರೂ ಹೆಂಗಸಿನ ಕಡೆ ನೋಡುತ್ತಾರೆ. ಮೂರು ಸಲ ಕೊಯ್ದ ಹೊಟ್ಟೆಯೊಳಗೆ ಕರುಳು, ಗರ್ಭಕೋಶ ಒಂದಕ್ಕೊಂದು ಅಂಟಿಕೊಂಡಿರಬಹುದು. ಅಲ್ಲಿಗೆ ಮತ್ತೆ ಕೈ ಹಾಕುವುದಕ್ಕಿಂತ ಗಂಡಸಿನ ಎನ್‌ಎಸ್‌ವಿ (ಚಾಕು ಹಾಕದ ಸಂತಾನಹರಣ ಚಿಕಿತ್ಸೆ) ಎಷ್ಟೋ ಸುಲಭ. ಹೊಲಿಗೆಯೂ ಇಲ್ಲ. ಮಾಡಿಸಿದ ಮೇಲೆ ಮೂರು ತಿಂಗಳು ಜಾಗ್ರತೆಯಾಗಿದ್ದು, ವೀರ್ಯ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು. ಶಕ್ತಿ ಹೋಗುತ್ತದೆ, ತೋಟದ ಕೆಲಸ ಆಗಲ್ಲ ಅನ್ನೋದೆಲ್ಲ ಸುಳ್ಳು.

ಆಪರೇಷನ್ ಆದವರಿಗೆ ಜೀವನಪೂರ್ತಿ ಪರಮಪ್ರಸಾದ ಸಿಗಲ್ಲ ಅನ್ನೋದೂ ತಪ್ಪು. ಚರ್ಚ್ ಅದನ್ನು ಗಂಭೀರ ತಪ್ಪು ಅನ್ನುತ್ತದೆ ನಿಜ. ಆದರೆ ಪಶ್ಚಾತ್ತಾಪಪಟ್ಟು ಪಾಪನಿವೇದನೆಗೆ ಬಂದವರನ್ನು ಯಾರೂ ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಇದು ನಿಮ್ಮ ಮನಸ್ಸಾಕ್ಷಿಯ ವಿಷಯ. ವೈದ್ಯರ ವರದಿ ಕೈಯಲ್ಲಿಟ್ಟುಕೊಂಡು, ಸಮಾಧಾನವಾಗಿ ಕೇಳುವ ಒಬ್ಬ ಫಾದರ್ ಹತ್ತಿರ ಇಬ್ಬರೂ ಹೋಗಿ. ಒಬ್ಬರ ಹತ್ತಿರ ಮಾತಾಡೋಕೆ ಮುಜುಗರ ಆದರೆ ಪಕ್ಕದ ಧರ್ಮಕೇಂದ್ರಕ್ಕೆ ಹೋಗಿ, ತಪ್ಪೇನಿಲ್ಲ.

ಈಗ ಮಕ್ಕಳ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರವನ್ನು ಮತ್ತೆ ಓದಿದೆ. ಎರಡನೆಯವನ ಸಿಟ್ಟಿನ ಬಗ್ಗೆ ಬರೆದಿದ್ದೀರಿ. ಮಗಳ ಬಗ್ಗೆ ಬರೆದಿರುವುದು ಎರಡೇ ಸಂಗತಿ: ಸಹಾಯ ಮಾಡುತ್ತಾಳೆ, ಮಾರ್ಕ್ಸ್ ಕಡಿಮೆ. ಅವಳಿಗೆ ಏನಿಷ್ಟ, ಗೆಳತಿಯರು ಯಾರು, ರಾತ್ರಿ ನಿದ್ದೆ ಬರುತ್ತಾ ಅನ್ನೋದು ಇಲ್ಲ. ದೂರೋಕೆ ಹೇಳುತ್ತಿಲ್ಲ. ದೊಡ್ಡ ಸಂಸಾರಗಳಲ್ಲಿ ಇದು ತಾನಾಗಿಯೇ ಆಗುತ್ತದೆ. ದೊಡ್ಡ ಮಗಳು ನಿಧಾನವಾಗಿ ಮಕ್ಕಳ ಸಾಲಿನಿಂದ ಎದ್ದು ತಂದೆತಾಯಿಯ ಸಾಲಿಗೆ ಬಂದು ನಿಲ್ಲುತ್ತಾಳೆ. ಯಾರೂ ಅವಳನ್ನು ಕೇಳಿರುವುದಿಲ್ಲ. ಇಂಥ ಹುಡುಗಿಯರನ್ನು ಕೂರಿಸಿ ಮಾತಾಡಿಸಿದರೆ ಮೊದಲು ಬರುವ ಮಾತು ‘ಅಮ್ಮನಿಗೆ ಕಷ್ಟ ಆಗುತ್ತೆ’. ತನ್ನ ಕಷ್ಟ ಹೇಳೋಕೆ ಅವರಿಗೆ ಗೊತ್ತೇ ಇರುವುದಿಲ್ಲ. ಒಂದು ಕೈಯಲ್ಲಿ ಪಾಪುವನ್ನು ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಗಣಿತ ಮಾಡುವ 12ರ ಹುಡುಗಿಗೆ ಮಾರ್ಕ್ಸ್ ಎಲ್ಲಿಂದ ಬರಬೇಕು, ಅಲ್ವಾ?

ಅವಳಿಗೆ ಕೆಲಸ ಕೊಡಿ, ಜವಾಬ್ದಾರಿ ಕೊಡಬೇಡಿ. ಪಾತ್ರೆ ತೊಳೆಯುವುದು, ಬಟ್ಟೆ ಮಡಚುವುದು ಕೆಲಸ. ಮುಗಿದ ಮೇಲೆ ಅವಳು ಆರಾಮ. ‘ಪಾಪು ಬಿದ್ದರೆ ನೀನೇ ಹೊಣೆ’ ಅನ್ನೋದು ಜವಾಬ್ದಾರಿ. ಅದು ದೊಡ್ಡವರದು. ಸಂಜೆ ಒಂದು ಗಂಟೆ ಅವಳ ಓದಿಗೆ ಬಿಡಿ. ಆ ಹೊತ್ತಿನಲ್ಲಿ ಮನೆಯಲ್ಲಿ ಏನೇ ಆದರೂ ಅವಳ ಹೆಸರು ಕೂಗಬಾರದು. ಮತ್ತೆ ಎಂಟು ವರ್ಷದ ಮಗನೂ ಪಾತ್ರೆ ತೊಳೆಯಬಹುದು. ಹುಡುಗ ಅಂತ ಬಿಡಬೇಡಿ.

ಆ ಮಗನ ಹೊಡೆದಾಟಕ್ಕೂ ಇದಕ್ಕೂ ಸಂಬಂಧ ಇದೆ. ಅಕ್ಕನಿಗೆ ಮನೆಯಲ್ಲಿ ಕೆಲಸದ ಸ್ಥಾನ ಇದೆ, ಪಾಪುವಿಗೆ ಮಡಿಲಿದೆ. ನಡುವಿನವನು ಗಲಾಟೆ ಮಾಡಿದರೆ ಮಾತ್ರ ಯಾರಾದರೂ ಅವನತ್ತ ತಿರುಗುತ್ತಾರೆ. ವಾರಕ್ಕೊಂದು ಸಲ ಅವನೊಬ್ಬನನ್ನೇ ಅಪ್ಪ ಎಲ್ಲಿಗಾದರೂ ಕರೆದುಕೊಂಡು ಹೋಗಲಿ. ರಬ್ಬರ್ ಶೀಟ್ ಮಾರೋಕೆ ಹೋಗುವಾಗ ಜೊತೆಗೆ ಬಂದರೂ ಸಾಕು. ಬುದ್ಧಿ ಹೇಳಬೇಡಿ, ಅವನು ಮಾತಾಡಲಿ. ಶಾಲೆಯ ಟೀಚರ್ ಹತ್ತಿರವೂ ಒಮ್ಮೆ ಮಾತಾಡಿ. ಅವನನ್ನು ಯಾರಾದರೂ ಕೆಣಕುತ್ತಿದ್ದಾರಾ ಅಂತ ಕೇಳಿ.

ಯಜಮಾನರು ಸೋಮಾರಿ ಅಂತ ನಾನು ಒಂದು ಕ್ಷಣವೂ ಅಂದುಕೊಂಡಿಲ್ಲ. ಬೆಳಕು ಹರಿಯುವ ಮುಂಚೆ ತಲೆಗೆ ಲೈಟು ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೋಗುವವರು. ರಬ್ಬರ್ ಹಾಲು ತಂದು ಶೀಟ್ ಮಾಡಿ ಮುಗಿಸುವಾಗ ಮಧ್ಯಾಹ್ನ. ಆಮೇಲೆ ಸುಸ್ತು. ಆದರೆ ನಿಮ್ಮ ಮನೆಗೆ ಜಾಸ್ತಿ ಕೈ ಬೇಕಾದ ಹೊತ್ತು ಸಂಜೆ ನಾಲ್ಕರಿಂದ ಎಂಟು. ಟ್ಯಾಪಿಂಗ್ ಮುಗಿದಿರುವ ಹೊತ್ತು ಅದು. ಒಂದು ಕಾಗದದಲ್ಲಿ ಒಂದು ದಿನದ ಕೆಲಸವನ್ನೆಲ್ಲ ಇಬ್ಬರೂ ಕೂತು ಬರೆಯಿರಿ. ಬೆಳಿಗ್ಗೆ ನಾಲ್ಕರಿಂದ ರಾತ್ರಿ ಮಲಗುವವರೆಗೆ, ಯಾರು ಏನು ಮಾಡಿದರು. ಜಗಳಕ್ಕಲ್ಲ, ಬರೀ ನೋಡೋಕೆ. ನನ್ನ ಹತ್ತಿರ ಬರುವವರಿಗೆಲ್ಲ ಇದನ್ನು ಮಾಡಿಸುತ್ತೇನೆ. ಹೆಚ್ಚಿನ ಗಂಡಸರು ಪಟ್ಟಿ ನೋಡಿ ಸುಮ್ಮನಾಗುತ್ತಾರೆ, ಆಮೇಲೆ ತಾವಾಗಿಯೇ ಒಂದೆರಡು ಕೆಲಸದ ಮುಂದೆ ತಮ್ಮ ಹೆಸರು ಬರೆಯುತ್ತಾರೆ. ಪಾಪುವಿನ ಸ್ನಾನ, ಚಿಕ್ಕವನ ಊಟ ಇವೆರಡು ಅಪ್ಪನ ಪಾಲಿಗೆ ಬಂದರೆ ನಿಮ್ಮ ಸಂಜೆ ಬದಲಾಗುತ್ತದೆ.

ಸಂಜೆ ಪ್ರಾರ್ಥನೆ ಉದ್ದ ಆಯಿತು ಅನಿಸುತ್ತದೆ. ಐದು ವರ್ಷದ ಹುಡುಗ ಜಪಸರದ ಐದು ರಹಸ್ಯ (ಐದು ಭಾಗ) ಮುಗಿಯುವವರೆಗೆ ಮಂಡಿಯೂರಿ ಕೂರಲಾರ. ಮಕ್ಕಳಿಗೆ ಒಂದು ರಹಸ್ಯ, ಒಂದು ಹಾಡು ಸಾಕು. ಅದು ಮುಗಿದು ದೊಡ್ಡವರಿಗೆ ‘ಸ್ತುತಿ’ ಅಂತ ವಂದಿಸಿ ಚಿಕ್ಕವರು ಊಟಕ್ಕೆ ಹೋಗಲಿ. ಉಳಿದ ಜಪಸರ ಅತ್ತೆ ಮುಂದುವರಿಸಲಿ. ಬೈಸಿಕೊಂಡು ಕಲಿತ ಪ್ರಾರ್ಥನೆ ಮಕ್ಕಳಿಗೆ ಹತ್ತಿರವಾಗುವುದಿಲ್ಲ.

ಸುಮ್ನೆ ಅಳು ಬರುತ್ತದೆ ಅಂದಿರಿ. ಇದನ್ನು ‘ಬಾಣಂತಿ ಬೇಸರ’ ಅಂತ ಬಿಡಬೇಡಿ. ಹೆರಿಗೆಯ ನಂತರದ ಖಿನ್ನತೆಗೆ ಚಿಕಿತ್ಸೆ ಸಿಗದಿದ್ದರೆ ಅದು ವರ್ಷ ದಾಟಿಯೂ ಉಳಿಯುತ್ತದೆ. ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ಏರುಪೇರಾದರೂ ಹೀಗೇ ಆಗುತ್ತದೆ. ಈ ವಾರವೇ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಚಿಕಿತ್ಸೆ ಬೇಕು. ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನೋ ಯೋಚನೆ ಒಮ್ಮೆಯಾದರೂ ಬಂದಿದ್ದರೆ ಅಂದೇ ಕರೆ ಮಾಡಿ, ಮನೆಯವರಿಗೂ ಹೇಳಿ.

ಕೊನೆಯದು, ರಾತ್ರಿಯ ವಿಷಯ. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಅಂತ ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯ ಹೇಳುತ್ತದೆ ಅಂತ ನಿಮಗೆ ಯಾರಾದರೂ ಓದಿ ಹೇಳಿದರೆ, ಅದಕ್ಕೂ ಹಿಂದಿನ 21ನೇ ವಚನ ಓದಲು ಹೇಳಿ. ಅಲ್ಲಿರುವುದು ಒಬ್ಬರಿಗೊಬ್ಬರು ಅಧೀನರಾಗಿರಿ ಅಂತ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯದಲ್ಲಿ ಹೆಂಡತಿಯ ದೇಹದ ಮೇಲೆ ಗಂಡನಿಗೆ ಇರುವಷ್ಟೇ ಅಧಿಕಾರ ಗಂಡನ ದೇಹದ ಮೇಲೆ ಹೆಂಡತಿಗೂ ಇದೆ. ‘ಹ್ಯೂಮಾನೆ ವೀಟೆ’ಯೂ ಇದನ್ನೇ ಹೇಳುತ್ತದೆ. ಸಂಗಾತಿಯ ಸ್ಥಿತಿಯನ್ನೂ ಇಷ್ಟವನ್ನೂ ಲೆಕ್ಕಿಸದೆ ಹೇರಿದ ಕೂಡುವಿಕೆ ಪ್ರೀತಿಯ ಕೆಲಸ ಅಲ್ಲ ಅಂತ. ನೀವು ಬೇಡ ಅಂದಾಗ ಅವರು ಮಾತು ಬಿಡುವುದು ಬೇಸರದಿಂದಲೇ ಇರಬಹುದು. ಹಗಲು ಹೊತ್ತಿನಲ್ಲಿ, ಮಕ್ಕಳು ಶಾಲೆಗೆ ಹೋದ ಮೇಲೆ ಹೇಳಿ: ‘ನಿಮ್ಮನ್ನು ದೂರ ಮಾಡುತ್ತಿಲ್ಲ. ಇನ್ನೊಂದು ಹೆರಿಗೆಯಲ್ಲಿ ನಾನು ಉಳಿಯುತ್ತೇನಾ ಅಂತ ಭಯ.’ ಎಷ್ಟೋ ಗಂಡಸರಿಗೆ ಹೆಂಡತಿಯ ಭಯ ಇಷ್ಟು ದೊಡ್ಡದು ಅಂತ ಗೊತ್ತೇ ಇರುವುದಿಲ್ಲ. ಅದಾದ ಮೇಲೂ ಬಲವಂತ ನಡೆದರೆ ಸುಮ್ಮನಿರಬೇಡಿ. ತವರಿನವರಿಗೆ, ನೀವು ನಂಬುವ ಸಿಸ್ಟರ್ ಒಬ್ಬರಿಗೆ ಹೇಳಿ. ಮಹಿಳಾ ಸಹಾಯವಾಣಿ 181ಕ್ಕೂ ಕರೆ ಮಾಡಬಹುದು. ಡಾಕ್ಟರ ಹತ್ತಿರ ಹೋಗೋಕೆ ಮಾತ್ರ ಯಾರ ಒಪ್ಪಿಗೆಗೂ ಕಾಯಬೇಡಿ. ಯಜಮಾನರು ಬಂದರೆ ಒಳ್ಳೆಯದು. ಬರದಿದ್ದರೆ ಹಳೇ ಡಿಸ್ಚಾರ್ಜ್ ಸಮ್ಮರಿ ಹಿಡಿದುಕೊಂಡು ನೀವೇ ಹೋಗಿ.